ಕಾರಣ ಗೊತ್ತಾಗಲೇಬೇಕು

ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಹಾರಲು ಕಲಿತ ಹುಡುಗರು ಸಾಗಣೆ ವಿಮಾನಕ್ಕೆ ಪಳಗುವುದು ಯಲಹಂಕದಲ್ಲಿ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಾವು ಆ ಎರಡೂ ಊರುಗಳ ನಡುವಿನವರು. ಅದಕ್ಕೇ ಇರಬೇಕು, ವಾಯುಪಡೆಯವರು ಹಾರಿಸುವ ವಿಮಾನ ಬಿದ್ದ ಸುದ್ದಿ ಬಂದರೆ ಮನಸ್ಸು ತಡೆಯೋದಿಲ್ಲ.

2009ರ ಮಾರ್ಚ್ 6ರಂದು ಬಿಡದಿ ಬಳಿ 'ಸಾರಸ್' ಬಿತ್ತು. ಅದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸುತ್ತಿದ್ದ ಹಗುರ ಸಾಗಣೆ ವಿಮಾನ. ಪರೀಕ್ಷೆಗೆಂದು ಆಕಾಶದಲ್ಲೇ ಒಂದು ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುವಾಗ ಹತೋಟಿ ತಪ್ಪಿತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಎಂಜಿನ್ ಮರುಚಾಲನೆಗೆ ಹಾಕಿಕೊಟ್ಟ ಕ್ರಮವೇ ತಪ್ಪಾಗಿತ್ತು ಎಂದು ತನಿಖೆ ಹೇಳಿತು. ನೋವಿನ ಸತ್ಯ, ಆದರೂ ಮುಂದಿನ ಪೈಲಟ್‌ನ ಜೀವ ಉಳಿಸಬಲ್ಲ ಸತ್ಯ.

ಆದರೆ ಎಲ್ಲ ಸಲ ಸತ್ಯ ಹೀಗೆ ತಿಳಿಯುವುದಿಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿ 29 ಜನರಿದ್ದರು. ನೀರಿನಾಳದಿಂದ ಸಂಕೇತ ಕೊಡುವ ಬೀಕನ್ ಅದರಲ್ಲಿರಲಿಲ್ಲ. ಚೆನ್ನೈ ಕರಾವಳಿಯಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅದರದ್ದೇ ಇರಬಹುದಾದ ಅವಶೇಷ ಸಿಕ್ಕಿದೆ ಎಂಬ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ 29 ಜನರ ಮನೆಯವರು ಬಾಗಿಲು ಕಾದರು.

'ಹವಾಮಾನ ಕೆಟ್ಟಿತ್ತು', 'ತಾಂತ್ರಿಕ ದೋಷ' ಅಂತ ಒಂದು ಸಾಲಿನಲ್ಲಿ ಕಡತ ಮುಚ್ಚಬಾರದು. ಯಾವ ಭಾಗ ಕೈಕೊಟ್ಟಿತು, ಯಾವ ಎಚ್ಚರಿಕೆಯನ್ನು ಕಡೆಗಣಿಸಲಾಯಿತು, ಯಾವ ಉಪಕರಣ ಇರಬೇಕಿತ್ತು ಎಂಬುದು ಮನೆಯವರಿಗೆ ತಿಳಿಯಬೇಕು. ಸಮವಸ್ತ್ರ ತೊಟ್ಟವರು ಜೀವ ಪಣಕ್ಕಿಡುತ್ತಾರೆ. ಸರಿಯಾದ ವಿಮಾನ ಕೊಡುವುದು, ಬಿದ್ದರೆ ನಿಜ ಹೇಳುವುದು ದೇಶದ ಋಣ.