ಜೋಜಿಲಾ ದಾಟಿದ ತಂತಿ

ಕಾಶ್ಮೀರದ ಸೋನಾಮಾರ್ಗ್ ಬಿಟ್ಟು ಜೋಜಿಲಾ ಘಾಟಿ ಏರತೊಡಗಿದಾಗ ಜೀಪಿನಲ್ಲಿದ್ದವರೆಲ್ಲ ಹಿಮ ನೋಡುತ್ತಿದ್ದರು. ನಾನು ಮಾತ್ರ ಟವರುಗಳಿಂದ ಕಣ್ಣು ಕೀಳಲೇ ಇಲ್ಲ. ನಿಂತಲ್ಲೇ ಏದುಸಿರು ಬರುವ ಆ ಎತ್ತರದಲ್ಲಿ 220 ಕಿಲೋವೋಲ್ಟ್ ಲೈನು ಬೆಟ್ಟದಿಂದ ಬೆಟ್ಟಕ್ಕೆ ಹಾಯ್ದು ಹೋಗಿದೆ!

ಚಾಲಕ ಗಾಡಿ ನಿಲ್ಲಿಸಿದಾಗ ಒಂದು ಟವರಿನ ಹತ್ತಿರಕ್ಕೇ ಹೋದೆ. ನಾಲ್ಕು ಕಾಲೂ ಒಂದೇ ಅಳತೆಯವಲ್ಲ. ಇಳಿಜಾರಿನ ಕಡೆಯವು ನೀಳ, ಗುಡ್ಡದ ಕಡೆಯವು ಗಿಡ್ಡ. ಆಳೆತ್ತರದ ಮೇಲೆ ಯಾರೂ ಹತ್ತದಂತೆ ಸುತ್ತಿದ ಮುಳ್ಳುತಂತಿ, ಬುರುಡೆಯ ಚಿತ್ರದ ಅಪಾಯದ ಫಲಕ. ಪಟ್ಟಿಗೆ ಪಟ್ಟಿ ಸೇರಿಸಿ ಬಿಗಿದ ಬೋಲ್ಟುಗಳನ್ನು ಮುಟ್ಟಿ ನೋಡಿದೆ. ಕೈ ಮರಗಟ್ಟಿತು. ವರ್ಷದಲ್ಲಿ ಕೆಲವೇ ತಿಂಗಳು ಕೆಲಸಕ್ಕೆ ಅವಕಾಶ ಕೊಡುವ ಈ ಹಿಮದ ನಾಡಿನಲ್ಲಿ ಇವನ್ನು ಬಿಗಿದ ಕೈಗಳು ಎಂಥವಿರಬೇಕು!

ಶ್ರೀನಗರದ ಕಡೆಯಿಂದ ಹೊರಟು ದ್ರಾಸ್, ಕಾರ್ಗಿಲ್, ಖಲ್ಸಿ ಹಾಯ್ದು ಲೇಹ್ ಮುಟ್ಟುವ ಈ ಲೈನಿನ ಉದ್ದ ಸುಮಾರು 335 ಕಿ.ಮೀ. 2014ರಲ್ಲಿ ಶಂಕುಸ್ಥಾಪನೆ, 2019ರಲ್ಲಿ ಲೋಕಾರ್ಪಣೆ. ಅಲ್ಲಿಯವರೆಗೆ ಲಡಾಖ್ ದೇಶದ ಗ್ರಿಡ್ಡಿನಿಂದ ಹೊರಗೇ ಇತ್ತು. ಸುರು ನದಿಗೆ ಚುಟಕ್, ಸಿಂಧೂ ನದಿಗೆ ನಿಮೂ-ಬಾಜ್ಗೊ ಜಲವಿದ್ಯುತ್ ಸ್ಥಾವರಗಳಿದ್ದರೂ ಚಳಿಗಾಲ ಬಂತೆಂದರೆ ನದಿ ಹೆಪ್ಪುಗಟ್ಟಿ ನೀರಿನ ಹರಿವೇ ಕುಗ್ಗುತ್ತದೆ. ಬೆಚ್ಚಗಿರಲು ಕರೆಂಟು ಬೇಕಾದ ಹೊತ್ತಿನಲ್ಲೇ ಕರೆಂಟಿರಲಿಲ್ಲ! ಬೇಸಿಗೆಯಲ್ಲೋ, ಮಿಕ್ಕಿದ್ದನ್ನು ಹೊರಗೆ ಕಳಿಸಲು ದಾರಿಯಿರಲಿಲ್ಲ. ಈಗ ಬೇಸಿಗೆಯಲ್ಲಿ ಕಾಶ್ಮೀರಕ್ಕೆ ಇಳಿಯಬಲ್ಲ ಕರೆಂಟು ಚಳಿಗಾಲದಲ್ಲಿ ಅದೇ ತಂತಿ ಹಿಡಿದು ಲಡಾಖಿಗೆ ಏರುತ್ತದೆ. ಹಿಮಾಲಯಕ್ಕಿಂತ ನನ್ನನ್ನು ಮೂಕನಾಗಿಸಿದ್ದು ಇದು.

ದ್ರಾಸ್‌ನ ಚಹಾದಂಗಡಿಯ ಚಾಚಾ ಹಿಂದಿಯಲ್ಲಿ ಹೇಳಿದರು: “ಮೊದಲು ಸಂಜೆ ಕೆಲವು ಗಂಟೆ ಜನರೇಟರ್ ಓಡಿಸುತ್ತಿದ್ದರು. ಡೀಸೆಲ್ ಉಳಿಸಬೇಕಲ್ಲ ಬೇಟಾ, ಆಮೇಲೆ ಕತ್ತಲೆ.” ಅದೇ ದ್ರಾಸ್‌ನಲ್ಲೀಗ ಸಬ್‌ಸ್ಟೇಷನ್ನಿದೆ. ಈ ಎತ್ತರದಲ್ಲಿ ಗಾಳಿ ತೆಳು. ಗಾಳಿ ತೆಳುವಾದಷ್ಟೂ ವಿದ್ಯುತ್ತನ್ನು ತಡೆಯುವ ಅದರ ಶಕ್ತಿ ಕುಂದುತ್ತದೆ; ಬಯಲಲ್ಲಿ ಉಪಕರಣ ಇಟ್ಟರೆ ನಡುವೆ ಹೆಚ್ಚು ಅಂತರ ಬಿಡಬೇಕು. ಅದಕ್ಕೇ ಇಲ್ಲಿ ಗಾಳಿಯನ್ನು ನಂಬದೆ, ಲೋಹದ ಕೊಳವೆಗಳೊಳಗೆ ಅನಿಲ ತುಂಬಿದ ಉಪಕರಣಗಳನ್ನು ಇಟ್ಟಿದ್ದಾರೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದ ನಾಡಿನವನು ನಾನು. ಆ ಸಾಹಸದ ಕಥೆ ಕೇಳುತ್ತ ಬೆಳೆದವನಿಗೆ ಅದರ ಬಂಧುವೊಂದು ಇಲ್ಲಿ ಸಿಕ್ಕಂತಾಯಿತು.

ಕೆಲಸ ಇನ್ನೂ ಮುಗಿದಿಲ್ಲ. ಲೇಹ್-ಮನಾಲಿ ದಾರಿಯ ಪಾಂಗ್‌ನಿಂದ ಹರಿಯಾಣದ ಕೈಥಲ್‌ಗೆ, ಲಡಾಖಿನ ಬಿಸಿಲು-ಗಾಳಿಯ ವಿದ್ಯುತ್ ಒಯ್ಯಲು 713 ಕಿ.ಮೀ. ಲೈನಿಗೆ 2023ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಅದರ ಟವರುಗಳು ಏಳುವುದನ್ನು ಕಣ್ಣಾರೆ ನೋಡಬೇಕು. ಪಾಂಗ್‌ಗೆ ರಸ್ತೆ ಯಾವ ತಿಂಗಳು ತೆರೆಯುತ್ತದೆಂದು ಚಾಲಕನನ್ನು ಈಗಲೇ ಕೇಳಿಟ್ಟುಕೊಂಡಿದ್ದೇನೆ.