ನಾಳೆಯೂ ಆಟ ಇದೆ

ಓಣಿಯ ಕ್ರಿಕೆಟ್ಟಿನ ಕಾನೂನನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಹುಡುಗರಿಗೆಲ್ಲ ಅದು ಬಾಯಿಪಾಠ. ಚೆಂಡು ಕಾಂಪೌಂಡ್ ದಾಟಿದರೆ ಔಟ್, ಹೊಡೆದವನೇ ಹೋಗಿ ತರಬೇಕು. ಒಂದು ಪುಟ ಬಿದ್ದ ಚೆಂಡನ್ನು ಒಂಟಿ ಕೈಯಲ್ಲಿ ಹಿಡಿದರೂ ಕ್ಯಾಚೇ. ಹುಡುಗರ ಲೆಕ್ಕ ಬೆಸವಾದರೆ ಒಬ್ಬ ಎರಡೂ ಕಡೆ ಬ್ಯಾಟ್ ಹಿಡಿಯುತ್ತಾನೆ. ಅಣ್ಣನ ಬೆನ್ನು ಹತ್ತಿ ಬಂದ ಪುಟ್ಟನಿಗೆ ಮಾತ್ರ ಮೆಲ್ಲಗೆ ಎಸೆಯಬೇಕು. ಔಟಾದರೂ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವುದು ನ್ಯಾಯ. ಚಿಕ್ಕವನಿಗೆ ಜಾಗ ಮಾಡಿಕೊಡುವುದೂ ನ್ಯಾಯ. ಎರಡೂ ಒಟ್ಟಿಗೆ ಇರಬಲ್ಲವೆಂದು ಮಕ್ಕಳು ತಾವಾಗಿಯೇ ಕಂಡುಕೊಂಡಿದ್ದಾರೆ.

ಅಲ್ಲಿ ಅಂಪೈರ್ ಕೂಡ ಬ್ಯಾಟ್ ಮಾಡುತ್ತಿರುವ ಪಂಗಡದವನೇ. ತನ್ನವನನ್ನು ಉಳಿಸುವ ಆಸೆ ಅವನಿಗಿರದೇ? ಆದರೆ ಕಳ್ಳಾಟವಾಡಿದರೆ ಎದುರಿನವರು ಮನೆಗೆ ಹೊರಟುಬಿಡುತ್ತಾರೆ. ನಾಳೆ ಆಡಲು ಬೇಕಾದವರೂ ಅವರೇ. ಹಾಗಾಗಿ ಎಷ್ಟು ಕೂಗಾಡಿದರೂ ಕೊನೆಗೆ ಎಲ್ಲರೂ ಒಪ್ಪುವ ಒಂದು ತೀರ್ಪಿಗೆ ಬರಲೇಬೇಕು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತನ್ನ ನಾಡಿನ ಮಕ್ಕಳ ಗೋಲಿಯಾಟವನ್ನು ಗಮನಿಸಿ, 1932ರ ಪುಸ್ತಕದಲ್ಲಿ ಇಂಥದ್ದೇ ಮಾತು ಹೇಳಿದ. ಚಿಕ್ಕ ಮಕ್ಕಳಿಗೆ ನಿಯಮವೆಂದರೆ ಹಿರಿಯರು ಕೊಟ್ಟ, ಮುಟ್ಟಬಾರದ ಕಟ್ಟಳೆ. ಹತ್ತು ಹನ್ನೆರಡು ವರ್ಷಕ್ಕೆ ಬರುವಾಗ ಅದು ತಾವೇ ಕೂಡಿ ಒಪ್ಪಿದ ಮಾತಾಗುತ್ತದೆ.

ಒಪ್ಪಿದ ಮಾತಿನ ಮೇಲೂ ಒಂದು ಮೆಟ್ಟಿಲಿದೆ. 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದ್ದರು. ಭಾರತದ ನಾಯಕರಾಗಿದ್ದ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್‌ಗೆ ಅದು ಸರಿ ಕಾಣಲಿಲ್ಲ. ಟೇಲರ್‌ರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಅವರೊಡನೆ ಬ್ಯಾಟ್ ಮಾಡುತ್ತಿದ್ದ ಇಯಾನ್ ಬೋಥಮ್ ಜೊತೆಯಾಟ 171 ರನ್ನಿಗೆ ಬೆಳೆಯಿತು. ಭಾರತ 10 ವಿಕೆಟ್ಟುಗಳಿಂದ ಸೋತಿತು. ನಿಯಮ ಕೈಗೆ ಕೊಟ್ಟದ್ದನ್ನೂ ನ್ಯಾಯಕ್ಕಾಗಿ ಬಿಟ್ಟುಕೊಡಬಹುದೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಇಂದು ಮಕ್ಕಳ ಪಂದ್ಯಗಳಲ್ಲಿ ಗೆರೆಯಾಚೆ ನಿಂತು ಅಂಪೈರ್ ಮೇಲೆ ಹರಿಹಾಯುವ ಹೆತ್ತವರನ್ನು ಕಂಡಾಗ ಸಂಕಟವಾಗುತ್ತದೆ. ನಮ್ಮ ಪರ ಬಂದ ತೀರ್ಪಷ್ಟೇ ಸರಿ ಎಂಬ ಪಾಠ ಮಗುವಿಗೆ ಅಲ್ಲೇ ಆಗಿಹೋಗುತ್ತದೆ. ಮಕ್ಕಳಿಗೆ ಪೆಟ್ಟಾಗದಂತೆ ನೋಡಿಕೊಳ್ಳೋಣ, ಜಗಳವನ್ನು ಅವರಿಗೇ ಬಿಡೋಣ. ಸೋತವನೂ ಮರುದಿನ ಬಂದು ಸೇರುವಂಥ ಆಟವನ್ನು ಕಟ್ಟಬಲ್ಲ ಮಕ್ಕಳು, ಬೆಳೆದ ಮೇಲೆ ಅಂಥ ಊರನ್ನೂ ಕಟ್ಟಬಲ್ಲರು.