ಬಲಗೈಯ ಒಂದು ಎಳೆ

ಹೆಬ್ಬೆರಳಿಗೆ ಕಿರುಬೆರಳನ್ನು ತಾಗಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ ನೋಡಿ. ನಡುವೆ ತಂಬೂರಿಯ ತಂತಿಯಂತೆ ರಜ್ಜುವೊಂದು ಎದ್ದು ನಿಂತರೆ ನಿಮಗೆ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಉಂಟು. ಪಾಶ್ಚಾತ್ಯ ವೈದ್ಯಗ್ರಂಥಗಳ ಪ್ರಕಾರ ನೂರರಲ್ಲಿ ಸುಮಾರು 15 ಮಂದಿಗೆ ಒಂದು ಕೈಯಲ್ಲೋ ಎರಡರಲ್ಲೋ ಅದು ಹುಟ್ಟಿನಿಂದಲೇ ಇರುವುದಿಲ್ಲ.

ಪಿಟೀಲು ಕಲಿಯುತ್ತಿದ್ದ ನನ್ನ ಮಗಳ ಎಡಗೈಯ ಉಂಗುರಬೆರಳಿನ ರಜ್ಜು ಈಳಿಗೆಮಣೆಗೆ ಸಿಕ್ಕಿ ತುಂಡಾಯಿತು. ಗಾಯ ಮಾಯಿತು, ಬೆರಳು ಮಾತ್ರ ಮಡಿಯಲಿಲ್ಲ. ಮುಂಗೈಯ ಈ ಸ್ನಾಯುವಿನ ರಜ್ಜುವನ್ನು ತೆಗೆದು ಬೆರಳಿಗೆ ಕಸಿ ಮಾಡಬೇಕೆಂದರು ಶಸ್ತ್ರವೈದ್ಯರು. ಆಕೆಯ ಎಡಗೈಯಲ್ಲಿ ಅದಿಲ್ಲ. ಇದ್ದದ್ದು ಕಮಾನು ಹಿಡಿಯುವ ಬಲಗೈಯಲ್ಲಿ! (ನನ್ನದನ್ನು ಕೊಡೋಣವೆಂದರೆ ನನ್ನ ಕೈಗಳೆರಡೂ ಬರಿದು.)

"ಅದನ್ನೂ ತೆಗೆದರೆ ಕಮಾನು ಹಿಡಿಯುವುದು ಹೇಗಪ್ಪಾ?" ಎಂದು ಆಕೆ ಕಣ್ಣೀರಿಟ್ಟಳು.

"ಅದಿಲ್ಲದೆ ನಿನ್ನ ಎಡಗೈ ಇಷ್ಟು ವರ್ಷ ಯಾವ ಸ್ವರಕ್ಕೆ ತಡವರಿಸಿತಮ್ಮ?" ಎಂದರು ವೈದ್ಯರು. ಮಣಿಕಟ್ಟನ್ನು ಬಾಗಿಸಲು ಅದಕ್ಕಿಂತ ಬಲವಾದ ಸ್ನಾಯುಗಳಿವೆ. ಹಿಡಿತದ ಬಲವನ್ನು ಅಳೆದವರಿಗೂ ಹೇಳಿಕೊಳ್ಳುವಂಥ ಅಂತರ ಕಂಡಿಲ್ಲವಂತೆ.

ಈಗ ಬಲಮಣಿಕಟ್ಟಿನ ಬಳಿ ಸಣ್ಣ ಗೆರೆಯೊಂದಿದೆ. ಕಮಾನು ಎಂದಿನಂತೆಯೇ ಓಡುತ್ತದೆ. ಎಡಗೈಯ ಬೆರಳು ಪೂರ್ತಿ ಮಡಿಯದು, ಆದರೆ ತಂತಿಯನ್ನು ಮುಟ್ಟುತ್ತದೆ. ಗಮಕಗಳಲ್ಲಿ ಮಾತ್ರ ಇನ್ನೂ ಕೊಂಚ ಹಿಂದೆ ಬೀಳುತ್ತದೆ.